ಆಸ್ಮಾರಮ್ಯ.ತೂಕ

"ಬಾರೇ ಬೇಗ, ಬೆಳಗ್ಗಿಂದ ಒಂದ್ ಚೀಲಾನೂ ತೂಗಿಲ್ಲ," ಎನ್ನುತ್ತ ರಮ್ಯಶ್ರೀ ಕುರ್ಚಿ ಬಿಟ್ಟು ಎದ್ದಳು. ಸವಳಂಗದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ ಆಸ್ಮಾ ಬೆವರನ್ನೂ ಒರೆಸಿಕೊಳ್ಳದೆ ಕಂಪ್ಯೂಟರಿನ ಮುಂದೆ ಕೂತಳು.

ನ್ಯಾಮತಿಯ ಹಾಲಸ್ವಾಮಿಯವರ ಮೆಕ್ಕೆಜೋಳದ ಮಂಡಿಯಲ್ಲಿ ಕಾಟಾದ ತೂಕ ಓದಿ, ಚೀಟಿ ಮುದ್ರಿಸಿ, ಖರೀದಿದಾರರ ಮೊಬೈಲಿಗೆ ಮುಟ್ಟಿಸುವ ವೆಬ್ ತಂತ್ರಾಂಶ ಈ ಇಬ್ಬರದೇ ಕೂಸು. ಪಾಲಿಟೆಕ್ನಿಕ್ಕಿನ ಒಂದೇ ಬೆಂಚಿನಲ್ಲಿ ಜಾವಾ ಕಲಿತವರು. ಜಾವಾದಲ್ಲಿ ಪ್ರತಿ ಕಡತದ ನೆತ್ತಿಯ ಮೇಲೂ ಅದು ಯಾರ ಮನೆಯದು ಎಂದು ಬರೆಯುವುದು ವಾಡಿಕೆ. ಇವರು ಎಲ್ಲದರ ಮೇಲೂ 'ಆಸ್ಮಾರಮ್ಯ' ಎಂದು ಬರೆದಿದ್ದರು. "ನಿನ್ ಹೆಸರ್ಯಾಕೆ ಮುಂದೆ?" ಎಂದು ರಮ್ಯ ಜಗಳ ತೆಗೆದಿದ್ದಳು. "ಅ ಆ ಇ ಈ ಬರಲ್ವೇನೇ ನಿಂಗೆ?" ಎಂದು ಆಸ್ಮಾ ನಕ್ಕಿದ್ದಳು.

ಈಗ ತೆರೆಯ ತುಂಬ ಕೆಂಪು ಸಾಲುಗಳು. ಎಲ್ಲದರದೂ ಒಂದೇ ಗೋಳು: 'ಆಸ್ಮಾರಮ್ಯ.ತೂಕ' ಸಿಗುತ್ತಿಲ್ಲ.

"ಸಿಗ್ದೆ ಎಲ್ಲಿಗ್ ಹೋಗ್ತೈತೆ?" ಎನ್ನುತ್ತ ಆಸ್ಮಾ ಕಡತ ತೆರೆದಳು. ನೆತ್ತಿಯ ಮೇಲೆ 'ರಮ್ಯ.ತೂಕ'. ಇನ್ನೊಂದು ತೆರೆದಳು, 'ರಮ್ಯ.ಚೀಟಿ'. ಮೂರನೆಯದಕ್ಕೆ ಹೋದ ಬೆರಳು ಅಲ್ಲೇ ನಿಂತಿತು.

ರಮ್ಯ ಹೆಸರು ಬದಲಿಸಿ ಸರ್ವರಿಗೆ ಏರಿಸಿದ್ದಳು. ಆದರೆ ಕಾಟಾದ ಅಂಕಿ ಓದುವ ಭಾಗವನ್ನು ಆಸ್ಮಾ ಬೇರೆಯಾಗಿ ಒಂದು ಜಾರ್ ಫೈಲಿನಲ್ಲಿ ಕಟ್ಟಿದ್ದಳು. ಉಳಿದದ್ದೆಲ್ಲ ನೆಚ್ಚಿಕೊಂಡಿದ್ದು ಅದನ್ನೇ. ಅದರ ಮೂಲ ಕೋಡು ಇದ್ದದ್ದು ಅವಳ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದೊಂದು ಹಳೇ ಹೆಸರನ್ನೇ ಕರೆದು ಕರೆದು, ಯಾರೂ ಓಗೊಡದೆ ಬಿದ್ದುಕೊಂಡಿತ್ತು.

"ಯಾರ್ ಹೇಳಿದ್ರು ತೆಗಿ ಅಂತ?"

ರಮ್ಯ ಕಿಟಕಿಯತ್ತ ನೋಡಿದಳು. "ಹೋದ ವಾರ ಎರರ್ ಬಂದಾಗ ಪೇಜ್ ತುಂಬ ನಿನ್ ಹೆಸರು ಕಾಣ್ತಲ್ಲ. ಖರೀದಿ ಮಾಡೋ ಪ್ರವೀಣ್ ಕುಮಾರ್ ಫೋಟೊ ತೆಗ್ದು ಗ್ರೂಪಿಗೆ ಹಾಕ್ದ. 'ನಮ್ ತೂಕ ಯಾರ್ ಕೈಯಾಗೈತೆ ನೋಡ್ರಪ್ಪ' ಅಂತ. ಹಾಲಸ್ವಾಮಣ್ಣ, 'ನಂದೇನಿಲ್ಲಮ್ಮ, ಖರೀದಿಯವ್ರು ಬರಂಗಿಲ್ಲ ಅಂತಾರೆ' ಅಂದ್ರು. ಬರೀ ಹೆಸರು ಕಣೇ. ಎರರ್ ಬರ್ದಿದ್ರೆ ಯಾರಿಗೂ ಕಾಣಲ್ಲ."

"ಕಾಣ್ದಿದ್ರೆ ನಂದು ತೆಗ್ದಿದ್ಯಾಕೆ? ನಿಂದು ಬಿಟ್ಟಿದ್ಯಾಕೆ?"

"ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ."

"ಹೇಳ್ದಿದ್ದಕ್ಕೆ ಬಸ್ ಹತ್ತಿ ಬಂದೆ ನೋಡು. ನನ್ ಹೆಸರು ನಾನೇ ಒರೆಸಾಕೆ."

ಈ ಜೋಳ ಯಾರ ಬೆವರಿನದೆಂದು ಮಂಡಿಯಲ್ಲಿ ಯಾರೂ ಕೇಳಿರಲಿಲ್ಲ. ತೂಗಿದ ಅಂಕಿ ಯಾರದೆಂದು ಮಾತ್ರ ಕೇಳಿದ್ದರು.

"ಹಳೇದನ್ನೇ ವಾಪಸ್ ಏರಿಸ್ತೀನಿ," ಎಂದಳು ಆಸ್ಮಾ. "ಈಗ್ಲೇ ಶುರು ಆಗ್ತೈತೆ. ಏರಿಸ್ಲಾ?"

ಹ್ಞೂಂ ಅನ್ನಲಿ ಎಂದು ಕಾದಳು. ಅದೊಂದು ಮಾತಿಗಾಗಿ ಎಷ್ಟು ಹೊತ್ತಾದರೂ ಕಾಯುತ್ತಿದ್ದಳು.

"ಬ್ಯಾಡ ಕಣೇ," ಎಂದಳು ರಮ್ಯ, ಕೇಳಿಸಿತೋ ಇಲ್ಲವೋ ಎಂಬಂತೆ. "ಆ ಹೆಸರಿದ್ರೆ ಇವತ್ತು ಖರೀದಿ ಇಲ್ಲ ಅಂದವ್ರೆ."

ಅಷ್ಟರಲ್ಲಿ ಅಂಗಳದಿಂದ ಕಲ್ಲಮ್ಮ ಎಂಬ ರೈತ ಹೆಂಗಸು ಕಿಟಕಿಯ ಸರಳು ಹಿಡಿದು ಬಗ್ಗಿದಳು. ಅವಳ ಹಿಂದೆ ಜೋಳದ ರಾಶಿಗಳು, ಅವುಗಳ ಮೇಲೆ ಕಪ್ಪು ಮೋಡ. "ಅಕ್ಕಾರೆ, ಮಳೆ ಬಂದ್ರೆ ಕಾಳು ಮೊಳಕೆ ಒಡಿತಾವೆ. ಮಿಷನ್ ಆಕ್ಕೈತಾ ಇಲ್ಲಾ, ಅಷ್ಟು ಹೇಳ್ರಿ."

"ಆಕ್ಕೈತಮ್ಮ," ಎಂದಳು ಆಸ್ಮಾ.

ಲ್ಯಾಪ್‌ಟಾಪ್ ತೆರೆದಳು. ತನ್ನ ಹೆಸರು ಹುಡುಕಿ, ಅಳಿಸಿ, ಉಳಿದ ಅರ್ಧವನ್ನು ಹಾಗೇ ಬಿಟ್ಟಳು. ಜಾರ್ ಫೈಲು ಹೊಸದಾಗಿ ಕಟ್ಟಿ ಸರ್ವರಿಗೆ ಏರಿಸಿದಳು. ಕೆಂಪು ಸಾಲುಗಳು ಒಂದೊಂದಾಗಿ ಹೋದವು. ಎಷ್ಟು ಸಲೀಸಾಗಿ ಹೋದವು! ಪ್ರಿಂಟರು ಕಿರುಗುಟ್ಟಿ ಮೊದಲ ಚೀಟಿ ಉಗುಳಿತು. ಹೊರಗೆ ಹಮಾಲರು "ಹಾಕ್ರೋ, ಹಾಕ್ರೋ" ಎಂದು ಕೂಗಿದರು. ಕಾಟಾದ ಮೇಲೆ ಚೀಲ ಧೊಪ್ಪೆಂದಿತು.

"ಆಸ್ಮಾ," ಎಂದು ರಮ್ಯ ಅವಳ ಹೆಗಲ ಮೇಲೆ ಕೈಯಿಟ್ಟಳು.

ಆಸ್ಮಾ ಆ ಕೈಯನ್ನು ಕೊಡವಲಿಲ್ಲ, ತಿರುಗಿಯೂ ನೋಡಲಿಲ್ಲ. ಅದು ತಾನಾಗಿಯೇ ಇಳಿಯುವ ತನಕ ನೆಟ್ಟಗೆ ಕೂತಿದ್ದಳು.