ಸ್ವಾತಿಯ ಬಾಯಿಪಾಠ

ಹರಿಹರದ ಶಾಲೆಯವರು ನಾವು ಕೇಳದೆಯೇ ನನ್ನ ಮೊಮ್ಮಗಳ ಟಿ.ಸಿ. ಬರೆದಿಟ್ಟಿದ್ದರು.

"ಬೆಲ್ ಹೊಡೆದ ಕೂಡ್ಲೆ ಕಿವಿ ಮುಚ್ಕಂಡು ಕಿರುಚ್ತಾಳೆ. ಉಳಿದ ಮಕ್ಕಳ ತಾಯಂದಿರು ಅರ್ಜಿ ಕೊಟ್ಟಾರೆ. ಬ್ಯಾರೆ ಕಡೆ ನೋಡ್ಕಳ್ರಿ," ಎಂದರು ಹೆಡ್‌ಮಾಸ್ಟರು. ಕೂಡ್ರಿ ಅನ್ನಲಿಲ್ಲ.

ಸ್ವಾತಿಗೆ ಏಳು ವರ್ಷ. ಆಟಿಸಂ ಎಂದು ಡಾಕ್ಟರು ಹೇಳಿ ಮೂರು ವರ್ಷವಾಯಿತು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಇಂಥ ಮಕ್ಕಳದೇ ಒಂದು ಶಾಲೆಯಿದೆ. ಅಲ್ಲಿ ಒಂದೇ ಸೀಟು ಖಾಲಿಯಿತ್ತು. ಅದು ತಪ್ಪಿದರೆ ಮಗು ಮನೆಯಲ್ಲೇ. "ಕರ್ಕಂಡು ಬರ್ರಿ, ನೋಡ್ತೀವಿ," ಎಂದಿದ್ದರು ಫೋನಿನಲ್ಲಿ.

ನೋಡುವುದೆಂದರೆ ಪರೀಕ್ಷೆ ಎಂದುಕೊಂಡೆ. ನಾನು ಡಿಗ್ರಿ ಓದಿದವಳು; ನಮ್ಮ ಮನೆಯಲ್ಲಿ ಓದಿಕೊಳ್ಳದೆ ಪರೀಕ್ಷೆಗೆ ಹೋದವರಿಲ್ಲ. ಸೊಸೆ ಆಶಾ ಗುತ್ತೂರಿನ ಕಾರ್ಖಾನೆಗೆ ಕೆಲಸಕ್ಕೆ ಹೊರಟಮೇಲೆ, ಇಪ್ಪತ್ತು ದಿನವೂ ಮಗುವನ್ನು ಎದುರಿಗೆ ಕೂರಿಸಿಕೊಂಡು ಹೆಸರು, ಊರು, ಅಪ್ಪನ ಹೆಸರು, ಬಣ್ಣಗಳು ಎಲ್ಲ ಬಾಯಿಪಾಠ ಮಾಡಿಸಿದೆ. ಆಶಾಳಿಗೆ ಹೇಳಲಿಲ್ಲ. ಸಂತೋಷಪಡಲಿ ಎಂದಿದ್ದೆ.

ನಾನೂ ಆಶಾಳೂ ಮಗುವನ್ನು ದಾವಣಗೆರೆಗೆ ಕರೆದೊಯ್ದ ದಿನ ಆ ಶಾಲೆಯ ಲತಾ ಮೇಡಂ ಅದೇ ಕ್ರಮದಲ್ಲಿ ಕೇಳಿದರು. ಸ್ವಾತಿ ತಲೆಯೆತ್ತದೆ ಒಂದೂ ತಪ್ಪದೆ ಹೇಳಿದಳು. ಐದು ನಿಮಿಷಕ್ಕೆ ಮೇಡಂ ಫಾರಂ ಮಡಚಿದರು.

"ಚೆನ್ನಾಗಿ ಮಾತಾಡ್ತಾಳಲ್ರಿ. ಬಾಯೇ ಬರದ ಮಕ್ಕಳು ಹೊರಗೆ ಕಾಯ್ತಾ ಅದಾವೆ. ಇವಳಿಗೆ ಮಾಮೂಲಿ ಶಾಲೆ ಸಾಕು."

ವರಾಂಡಕ್ಕೆ ಬಂದ ಮೇಲೆ ಆಶಾ ಕೇಳಿದಳು. "ಯಾರು ಕಲಿಸಿದ್ದು?"

"ನಾನೇ."

"ಪಾಸ್ ಮಾಡಿಸಿಬಿಟ್ರಲ್ಲ ಅತ್ತೆ. ಪೇಡೆ ಹಂಚ್ರಿ ಈಗ. ನನ್ನ ಒಂದು ಮಾತು ಕೇಳಿದ್ರೆ ನಿಮ್ಮ ಡಿಗ್ರಿ ಸವೀತಿತ್ತೇನು?"

ಬೆಂಚಿನಲ್ಲಿದ್ದ ಹೆಂಗಸೊಬ್ಬಳು ನಮ್ಮತ್ತ ತಿರುಗಿದಳು. "ಜಗಳ ಮನೇಲಿ ಆಡ್ರಿ. ಆಗ್ಲಿಲ್ಲಂದ್ರೆ ಜಾಗ ಬಿಡ್ರಿ, ಇನ್ನೂ ಒಂಬತ್ತು ಜನ ಅದೀವಿ."

ನಾನು ಮೊಮ್ಮಗಳ ಕೈ ಹಿಡಿದು ಮತ್ತೆ ಒಳಗೆ ಹೋದೆ. ಆಶಾ ಹಿಂದೆಯೇ ಬಂದಳು. "ಎಲ್ಲ ನಾನು ಉರು ಹೊಡೆಸಿದ್ದು ಮೇಡಂ. ಹಿಂದುಮುಂದು ಮಾಡಿ ಕೇಳ್ರಿ," ಎಂದೆ.

ಲತಾ ಮೇಡಂ ಕನ್ನಡಕ ತೆಗೆದರು. "ಓದಿದವರ ಹಂಗೆ ಕಾಣ್ತೀರಿ. ಡಾಕ್ಟರಿಗೆ ತೋರ್ಸಾಕೆ ಜ್ವರ ಇಳಿಸ್ಕಂಡು ಹೋಗ್ತೀರೇನು?"

ಅವರು ಮಗುವಿನತ್ತ ಬಾಗಿದರು.

"ನಿಮ್ಮಪ್ಪನ ಹೆಸರೇನು?"

"ಸ್ವಾತಿ."

"ಹಸಿವಾಗೈತಾ?"

"ಹರಿಹರ."

"ಇದು ಯಾವ ಬಣ್ಣ?"

"ಮಾರುತಿ," ಎಂದಳು, ಅಪ್ಪನ ಹೆಸರು. ಮತ್ತೆ ಕೇಳಿದಾಗ ಪೆನ್ಸಿಲ್ ಡಬ್ಬಿ ಎಸೆದು, ತನ್ನ ಮಣಿಕಟ್ಟನ್ನೇ ಕಚ್ಚಿಕೊಂಡು ಕಿರುಚತೊಡಗಿದಳು. ನಾನು ಹತ್ತಿರ ಹೋಗಲು ಹೆಜ್ಜೆಯಿಟ್ಟೆ.

"ನೀವು ಅಲ್ಲೇ ನಿಂದ್ರಿ. ನೀವು ಮಾಡಿದ್ದು ಸಾಕು," ಎಂದರು ಮೇಡಂ.

ಬಾಗಿಲಲ್ಲಿದ್ದ ಆಯಾ ನುಜತ್ ಯಾರೂ ಹೇಳದೆ ಕಟಕಟ ಎನ್ನುತ್ತಿದ್ದ ಫ್ಯಾನನ್ನು ಆರಿಸಿದಳು. ಮಗುವನ್ನು ಮುಟ್ಟಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಪಕ್ಕದಲ್ಲಿ ನೆಲಕ್ಕೆ ಕೂತಳು, ಅಷ್ಟೆ. ಸ್ವಲ್ಪ ಹೊತ್ತಿಗೆ ಕಿರುಚಾಟ ಇಳಿಯಿತು.

ಮೇಡಂ ಫಾರಂನಲ್ಲಿ ಮೊದಲು ಬರೆದ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದರು. "ಸೋಮವಾರದಿಂದ ಬರ್ಲಿ. ಬಿಡಾದು, ಕರ್ಕಂಡು ಹೋಗಾದು ತಾಯಿನೇ. ಅಜ್ಜಿ ಗೇಟಿನೊಳಗೆ ಬರಾದು ಬ್ಯಾಡ. ಮನೇಲೂ ಪಾಠ ಬ್ಯಾಡ."

"ಪಾಳಿ ಬದಲಿಸ್ಕಂತೀನಿ ಮೇಡಂ," ಎಂದಳು ಆಶಾ.

"ಆಗ್ಲಿ," ಎಂದೆ ನಾನೂ. ನನ್ನನ್ನು ಯಾರೂ ಕೇಳಿರಲಿಲ್ಲ.

ಹರಿಹರದ ಬಸ್ಸಿನಲ್ಲಿ ಆಶಾ ಮಗುವನ್ನು ಕಿಟಕಿಗೆ ಕೂರಿಸಿ, ತಾನು ಕೂತು, ಮೂರನೆಯ ಜಾಗದಲ್ಲಿ ಚೀಲ ಇಟ್ಟಳು. ನಾನು ಹಿಂದಿನ ಸೀಟಿಗೆ ಹೋದೆ. ಹೆಂಗಸರ ಉಚಿತ ಟಿಕೆಟ್ಟಿಗೆ ಕಂಡಕ್ಟರ್ ಆಧಾರ್ ಕೇಳಿದ. ನನ್ನ ಕಾರ್ಡೂ ಅವಳ ಚೀಲದಲ್ಲೇ ಇತ್ತು. ಹೇಗೆ ಕೇಳುವುದೆಂದು ನಾನು ಯೋಚಿಸುತ್ತಿದ್ದೆ. ಅವಳು ನನ್ನತ್ತ ತಿರುಗಲಿಲ್ಲ. ಕಾರ್ಡುಗಳನ್ನು ತೆಗೆದು ಕಂಡಕ್ಟರನ ಮುಂದೆ ಹಿಡಿದಳು.

"ಹರಿಹರ," ಎಂದಳು. "ಮೂರು."