ವ್ಯಾನಿಗೆ ಉಡಿ ತುಂಬಿದ್ದು

ಸಿದ್ದರಾಮಪ್ಪನವರು ತಮ್ಮ ಹಳೆಯ ವ್ಯಾನನ್ನು ತಗಡು ಎಂದೇ ಕರೆಯುತ್ತಿದ್ದರು. ತಗಡಿಗೆ ಪೆಟ್ರೋಲ್ ಹಾಕಿಸಬೇಕು, ತಗಡು ಇವತ್ತು ಮತ್ತೆ ನಡುರಸ್ತೆಯಲ್ಲಿ ಕೈಕೊಟ್ಟಿತು, ಹೀಗೆ. ಮಲ್ಕಾಜ್‌ಗಿರಿಯ ಆ ಓಣಿಯವರೆಲ್ಲ ಈ ಮನುಷ್ಯನಿಗೆ ವ್ಯಾನಿನ ಮೇಲೆ ಎಳ್ಳಷ್ಟೂ ಪ್ರೀತಿಯಿಲ್ಲ ಎಂದುಕೊಂಡಿದ್ದರು. ಪ್ರೀತಿ ಇದ್ದ ಕಡೆಗೇ ಅವರ ಬೈಗುಳ ಜಾಸ್ತಿ ಎಂಬುದು ಹೆಂಡತಿ ಸಾವಿತ್ರಿಬಾಯಿಯವರಿಗೆ ಮಾತ್ರ ಗೊತ್ತಿತ್ತು. ಮದುವೆಯಾದಾಗಿನಿಂದ ಬೈಸಿಕೊಂಡವರು ಅವರೇ ತಾನೆ.

ಬೀದರ್ ಕಡೆಯಿಂದ ಬಂದು ಬೇಗಂ ಬಜಾರಿನ ಸಗಟು ಕಿರಾಣಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಸಿದ್ದರಾಮಪ್ಪ, ಸಾವುಕಾರರು ಅಂಗಡಿ ಮುಚ್ಚಿದ ಮೇಲೆ ಈ ವ್ಯಾನ್ ಕೊಂಡು ಮೊಬೈಲ್ ಆ್ಯಪ್‌ಗಳ ಪಾರ್ಸೆಲ್ ಹೊರುವ ಕೆಲಸಕ್ಕೆ ಇಳಿದಿದ್ದರು. ಫೋನಿನೊಳಗಿನ ಹೆಂಗಸು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ನನ್ನ ಮಾತನ್ನು ಒಂದು ದಿನವೂ ಹೀಗೆ ಕೇಳಲಿಲ್ಲವಲ್ಲ ಎಂದು ಸಾವಿತ್ರಿಬಾಯಿ ನಗುತ್ತಿದ್ದರು. ವ್ಯಾನಿನ ಜಾರುಬಾಗಿಲು ಮಾತ್ರ ಬಲು ಹಠಮಾರಿ. ಕೆಳಗೊಂದು ಒದೆ ಕೊಟ್ಟು, ತುಸು ಮೇಲೆತ್ತಿ ಎಳೆದರೆ ಇಡೀ ಓಣಿಗೆ ಕೇಳುವಂತೆ ಚೀರಿ ತೆರೆಯುತ್ತಿತ್ತು. ಆ ಚೀರು ಕೇಳಿದೊಡನೆ ಸಾವಿತ್ರಿಬಾಯಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದರು. ಗಂಡ ಬಂದರೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಈ ವರ್ಷ ಮೊಣಕಾಲು ಸೋತಿತು. ಕ್ಲಚ್ ತುಳಿದದ್ದು ಸಾಕು ಎಂದರು ಡಾಕ್ಟರು. ರೈಲ್ವೆಯಲ್ಲಿ ನೌಕರಿ ಹಿಡಿದಿದ್ದ ಮಗ ವೈಭವ ಅದನ್ನು ಮೊದಲೇ ಹೇಳಿದ್ದ. ಸುದ್ದಿ ತಿಳಿದು ಗುಜರಿಯವನೊಬ್ಬ ಬಂದ. ವ್ಯಾನಿಗೆ ಒಂದು ಸುತ್ತು ಹಾಕಿ, ಬಾನೆಟ್ ಬಡಿದು ನೋಡಿ, ಬಿಚ್ಚಿ ಮಾರಲು ಒಳ್ಳೆಯ ಮಾಲು ಎಂದ. ಸಿದ್ದರಾಮಪ್ಪನವರ ಮುಖ ಕಪ್ಪಿಟ್ಟಿತು. ತಾವು ದಿನಕ್ಕೆ ನೂರು ಸಲ ತಗಡು ಎಂದರೂ ನಡೆದೀತು, ಪರರು ಅದನ್ನು ಬಿಚ್ಚುವ ಮಾತಾಡಬಾರದು. ಅವನಿಗೆ ಒಂದು ಕಪ್ ಚಹಾ ಕೂಡ ಕೊಡದೆ ಕಳಿಸಿದರು.

ಉಪ್ಪಲ್‌ನಲ್ಲಿ ಒಂದು ಧರ್ಮದ ಅಡುಗೆಮನೆ ಇತ್ತು. ಆಸ್ಪತ್ರೆಗಳ ಮುಂದೆ ಕಾದು ಕೂತಿರುವ, ರೋಗಿಗಳ ಕಡೆಯ ಬಡವರಿಗೆ ಅಲ್ಲಿಂದ ದಿನವೂ ಪುಕ್ಕಟೆ ಊಟ ಹೋಗುತ್ತಿತ್ತು. ಬಾಡಿಗೆ ಆಟೋದಲ್ಲಿ ಪಾತ್ರೆ ಸಾಗಿಸಿ ಅರ್ಧ ಸಾರು ರಸ್ತೆಗೆ ಚೆಲ್ಲುವುದನ್ನು ಸಿದ್ದರಾಮಪ್ಪ ಪಾರ್ಸೆಲ್ ಕೊಡಲು ಹೋದಾಗ ಕಣ್ಣಾರೆ ಕಂಡಿದ್ದರು. ವ್ಯಾನನ್ನು ಅವರಿಗೆ ಕೊಡೋಣ ಎಂದರು. ಎಲ್ಲರೂ ಒಪ್ಪಿದರು, ಕಾಗದಪತ್ರದ ಓಡಾಟ ವೈಭವ ಮಾಡಿದ. ಸಾವಿತ್ರಿಬಾಯಿಯವರದು ಒಂದೇ ಮಾತು.

"ಆಷಾಢ ಹತ್ತೂದ್ರೊಳಗ ಕಳಸೂಣ್ರಿ. ಮತ್ತ ಬರೇ ಉಡಿಲೆ ಕಳಸಂಗಿಲ್ಲ."

"ತಗಡಿಗೆ ಉಡಿ ತುಂಬತಿ? ಓಣಿ ಮಂದಿ ನಗತಾರ."

"ನಗಲಿ. ಹೆಣ್ಣುಮಗಳಿಲ್ಲದ ಮನಿ ನಮ್ದು. ಇಷ್ಟು ವರ್ಷ ದುಡದು ನಮಗ ಅನ್ನ ಹಾಕೇತಿ. ಮಗಳನ್ನ ಹೆಂಗ ಕಳಸಬೇಕೋ ಹಂಗ ಕಳಸ್ತೀನಿ."

ವ್ಯಾನ್ ಒಯ್ಯಲು ಅಡುಗೆಮನೆಯ ಮ್ಯಾನೇಜರ್ ರಾಮದಾಸ ಬಂದ. ಜೊತೆಗೆ ಅಲ್ಲಿನ ಅಡುಗೆಯಾಕೆ ಜಯಮ್ಮ, ವರಂಗಲ್ ಕಡೆಯವರು. ಸಾವಿತ್ರಿಬಾಯಿ ವ್ಯಾನಿನ ಹಣೆಗೆ ಅರಿಷಿಣ ಕುಂಕುಮ ಹಚ್ಚಿ, ಮುಂದಿನ ಸೀಟಿನ ಮೇಲೆ ಹಸಿರು ಖಣ ಹಾಸಿ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಬೇರು, ಬಾಳೆಹಣ್ಣು ಇಟ್ಟರು. ರಾಮದಾಸ ಬಾಯಿ ತೆರೆದು ನೋಡುತ್ತ ನಿಂತ. ಸಿದ್ದರಾಮಪ್ಪನವರು ನಾಚಿಕೆಯಿಂದ ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಆಕಾಶ ನೋಡುತ್ತಿದ್ದರು. ಜಯಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ಇದು ನಮ್ಮ ಕಡೆಯ ಒಡಿ ಬಿಯ್ಯಂ ಅಲ್ಲವೇ, ಹೀಗೆ ಬಿಟ್ಟರೆ ಅಕ್ಕಿ ಚೆಲ್ಲುತ್ತದೆ ಎಂದು ತೆಲುಗಿನಲ್ಲಿ ಹೇಳುತ್ತ, ಖಣದ ತುದಿಗಳನ್ನು ತಾವೇ ಗಂಟು ಹಾಕಿದರು. ಪಂಚಮಿ ಹಬ್ಬಕ್ಕೆ ಇವಳನ್ನು ತವರಿಗೆ ಕಳಿಸಿಕೊಡಬೇಕು, ಈಗಲೇ ಕರೆದಿದ್ದೇವೆ ಎಂದು ಸಾವಿತ್ರಿಬಾಯಿ ಹರುಕುಮುರುಕು ತೆಲುಗಿನಲ್ಲಿ ಹೇಳಿದಾಗ ರಾಮದಾಸ ತಮಾಷೆ ಎಂದುಕೊಂಡು ನಕ್ಕ. ಜಯಮ್ಮ ನಗಲಿಲ್ಲ.

ವ್ಯಾನ್ ಹೋಯಿತು. ಅದು ನಿಲ್ಲುತ್ತಿದ್ದ ಜಾಗದಲ್ಲಿ ಎದುರುಮನೆಯವನು ಬೈಕ್ ನಿಲ್ಲಿಸಿದ. ಸಿದ್ದರಾಮಪ್ಪನವರು ಅದನ್ನು ತೆಗೆಸಿ ಒಂದು ತುಳಸಿ ಕುಂಡ ತಂದಿಟ್ಟರು.

ಅಷ್ಟರಲ್ಲಿ ಅವರ ತಲೆಯೊಳಗೆ ಒಂದು ಹುಳ ಹೊಕ್ಕಿತು. ಅದನ್ನು ಬಿಟ್ಟವನು ಹಳೆಯ ಪಾರ್ಸೆಲ್ ಗೆಳೆಯ ಅಮರಯ್ಯ. ದಾನವಾಗಿ ಬಂದ ಗಾಡಿಗಳನ್ನು ಈ ಸಂಸ್ಥೆಯವರು ಓಡಿಸುವುದೇ ಇಲ್ಲ, ತಿಂಗಳೊಳಗೆ ಗುಜರಿಗೆ ಹಾಕುತ್ತಾರೆ ಎಂದು ಅವನು ಚಹಾದಂಗಡಿಯಲ್ಲಿ ಕೂತು ಖಂಡತುಂಡವಾಗಿ ಹೇಳಿಬಿಟ್ಟ. ಸಿದ್ದರಾಮಪ್ಪನವರಿಗೆ ಊಟ ಸೇರದಾಯಿತು. ಒಂದು ದಿನ ಶುಗರ್ ಟೆಸ್ಟ್ ಎಂದು ಮನೆಯಲ್ಲಿ ಸುಳ್ಳು ಹೇಳಿ, ಮೆಟ್ರೊ ಹತ್ತಿ ಉಪ್ಪಲ್‌ಗೆ ಹೋದರು. ಅಡುಗೆಮನೆಯ ಅಂಗಳದಲ್ಲಿ ವ್ಯಾನ್ ಇರಲಿಲ್ಲ. ಅದೇ ಬಾಡಿಗೆ ಆಟೋಗೆ ಪಾತ್ರೆ ಏರಿಸುತ್ತಿದ್ದರು. ಒಳಗೆ ಹೋಗಿ ಕೇಳಬಹುದಿತ್ತು. ಆದರೆ ಕೊಟ್ಟ ಮನೆಯ ಬಾಗಿಲಲ್ಲಿ ನಿಂತು ನನ್ನ ಮಗಳೆಲ್ಲಿ ಎಂದು ಕೇಳುವ ಗಟ್ಟಿಗುಂಡಿಗೆ ಯಾವ ತಂದೆಗಿದೆ? ಅವರು ಮೆಲ್ಲಗೆ ತಿರುಗಿ ಬಂದರು. ಶುಗರ್ ಎಷ್ಟಿದೆ ಎಂದು ಹೆಂಡತಿ ಕೇಳಿದರೆ, ಐತಿ ಎಂದಷ್ಟೇ ಹೇಳಿದರು.

ಪಂಚಮಿ ಬಂತು. ಸೊಸೆ ಕಾವ್ಯಾ ವೈಭವನೊಂದಿಗೆ ತನ್ನ ತವರಿಗೆ ಹೋದಳು. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಈ ಹಬ್ಬ, ಬರುವ ಮಗಳಿಲ್ಲದ ಈ ಮನೆಯಲ್ಲಿ ಪ್ರತಿ ವರ್ಷವೂ ಸಪ್ಪಗೇ ಕಳೆಯುತ್ತಿತ್ತು. ಈ ಸಲ ಸಾವಿತ್ರಿಬಾಯಿ ಮೂರು ದಿನದಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಡಬ್ಬಿಗಟ್ಟಲೆ. ಇಷ್ಟನ್ನು ತಿನ್ನುವವರು ಯಾರು ಎಂದು ಗಂಡ ಗೊಣಗಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಆದರೆ ಬೆಳಿಗ್ಗೆ ಎದ್ದು ತುಳಸಿ ಕುಂಡವನ್ನು ಪಕ್ಕಕ್ಕೆ ಸರಿಸಿದವರು ಯಾರೆಂದು ಅವರು ನೋಡಿದ್ದರು. ಕೇಳಿದರೆ, ಗಿಡಕ್ಕೆ ಬಿಸಿಲು ಹತ್ತುತ್ತದೆ ಎಂದರು ಸಿದ್ದರಾಮಪ್ಪ.

ಅವರು ಪೇಪರ್ ಹಿಡಿದು ಹೊಸ್ತಿಲ ಮೇಲೆ ಕೂತರು. ಕಣ್ಣು ಪೇಪರಿನಲ್ಲಿ, ಕಿವಿ ಓಣಿಯಲ್ಲಿ. ಆ ಬಾಗಿಲಿನ ಚೀರು ಒಂದು ಕೇಳಿದರೆ ಸಾಕಿತ್ತು. ಊಟದ ಹೊತ್ತು ಮೀರಿತು, ಚೀರು ಕೇಳಲಿಲ್ಲ. ಕೊನೆಗೆ ಒಳಗೆ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

"ಸಾವಿತ್ರಿ, ಅದು ಬರಂಗಿಲ್ಲ. ಗುಜರಿಗೆ ಹಾಕ್ಯಾರ. ನಾ ಉಪ್ಪಲಿಗೆ ಹೋಗಿ ನೋಡಿ ಬಂದೇನಿ."

ಸಾವಿತ್ರಿಬಾಯಿ ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗಿಟ್ಟರು. ಆಗ ಹೊರಗಿನಿಂದ ತೆಲುಗಿನಲ್ಲಿ ಒಂದು ದನಿ ಕೇಳಿತು. ಅಕ್ಕಾ, ನಿಮ್ಮ ಹುಡುಗಿಯನ್ನು ಕರೆತಂದಿದ್ದೇವೆ, ಆರತಿ ತನ್ನಿ ಎನ್ನುತ್ತಿತ್ತು.

ಮೊಣಕಾಲು ನೋವು ಮರೆತು ಸಿದ್ದರಾಮಪ್ಪ ಹೊರಗೆ ಧಾವಿಸಿದರು. ಕುಂಡ ಸರಿಸಿದ ಜಾಗದಲ್ಲೇ ವ್ಯಾನ್ ನಿಂತಿತ್ತು. ಜಯಮ್ಮ ಇಳಿದು ನಿಂತು ಬೆರಳ ತುದಿಯಿಂದ ಜಾರುಬಾಗಿಲು ತಳ್ಳಿದರು. ಅದು ಪಿಟ್ಟೆನ್ನದೆ ತೆರೆಯಿತು. ಒಳಗಿನಿಂದ ಅಡುಗೆಮನೆಯ ನಾಲ್ಕೈದು ಹೆಂಗಸರು ಹಬ್ಬದ ಸೀರೆಯಲ್ಲಿ ನಗುತ್ತ ಇಳಿದರು. ಅವರಲ್ಲಿ ತವರು ಎನ್ನುವುದು ಉಳಿದಿದ್ದವರು ಕಡಿಮೆ. ಮೆಕ್ಯಾನಿಕ್ ಬಳಿ ವ್ಯಾನ್ ಬಹಳ ದಿನ ನಿಂತಿತ್ತಂತೆ, ಪಾತ್ರೆ ಅಲುಗದ ಹಾಗೆ ಒಳಗೆ ಕಬ್ಬಿಣದ ಚೌಕಟ್ಟು ಕೂರಿಸಿ, ಬಾಗಿಲು ರಿಪೇರಿ ಮಾಡಿಸಿದರಂತೆ. ಉಡಿಯ ಅಕ್ಕಿಯನ್ನು ಮೊದಲ ದಿನದ ಅನ್ನಕ್ಕೇ ಹಾಕಿದ್ದರಂತೆ. ಇವತ್ತು ಆಸ್ಪತ್ರೆಯ ಊಟ ಮುಗಿಸಿ ಬರುವಷ್ಟರಲ್ಲಿ ತಡವಾಯಿತಂತೆ. ಹಬ್ಬಕ್ಕೆ ಕರೆದ ಮೇಲೂ ಕಳಿಸದಿದ್ದರೆ ಬೀಗರ ಮುಂದೆ ನಮ್ಮ ಮಾನ ಏನಾಗಬೇಕು ಎಂದು ಜಯಮ್ಮ ಪಟ್ಟು ಹಿಡಿದರಂತೆ. ಸ್ಟಿಯರಿಂಗ್ ಮುಂದೆ ಕೂತಿದ್ದ ರಾಮದಾಸ ಹೌದೆಂದು ತಲೆಯಾಡಿಸಿದ.

ಸಿದ್ದರಾಮಪ್ಪನವರಿಗೆ ಇದೆಲ್ಲ ಅರ್ಧಂಬರ್ಧ ಕೇಳಿಸಿತು. ಅವರು ವ್ಯಾನಿನ ಸುತ್ತ ನಡೆದರು, ಹೊಸ ಟೈರು ಮುಟ್ಟಿದರು, ಕನ್ನಡಿಗೆ ಕಟ್ಟಿದ್ದ ಹಸಿರು ಖಣ ಮುಟ್ಟಿದರು, ಬಾಗಿಲನ್ನು ಹಾಕಿ ತೆಗೆದು ಮತ್ತೆ ಹಾಕಿ ತೆಗೆದರು.

"ನೋಡ ಸಾವಿತ್ರಿ," ಎಂದರು. "ಮೈ ತುಂಬಿಕೊಂಡಾಳ."

ಅವರ ಬಾಯಲ್ಲಿ ತಗಡು ಅವಳಾದದ್ದನ್ನು ಓಣಿ ಅಂದೇ ಮೊದಲು ಕೇಳಿದ್ದು. ಸಾವಿತ್ರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಆರತಿ ತರಲು ಒಳಗೆ ಹೋದರು.

ಸಂಜೆಯವರೆಗೆ ಮನೆ ಗಿಜಿಗುಟ್ಟಿತು. ಉಂಡಿಯ ಡಬ್ಬಿಗಳು ಖಾಲಿಯಾದವು. ಹೊರಡುವ ಹೊತ್ತಿಗೆ ಸಾವಿತ್ರಿಬಾಯಿ ಬಂದ ಹೆಂಗಸರಿಗೆಲ್ಲ ಉಡಿ ತುಂಬಿ, ವ್ಯಾನಿಗೆ ತುಂಬಲು ಹೊರಗೆ ಬಂದು ನೋಡುತ್ತಾರೆ, ಸೀಟಿನ ಮೇಲೆ ಹೊಸ ಖಣ ಹಾಸಿದೆ. ಸಿದ್ದರಾಮಪ್ಪನವರು ಅಕ್ಕಿಯ ಮೊರ ಹಿಡಿದು, ಬೊಗಸೆ ಬೊಗಸೆಯಾಗಿ ಸುರಿಯುತ್ತಿದ್ದಾರೆ. ಗಂಡಸರು ಉಡಿ ತುಂಬುವುದನ್ನು ಆ ಓಣಿ ಕಂಡಿರಲಿಲ್ಲ. ಕೈ ಝಾಡಿಸಿಕೊಂಡು ಅವರು ಜಯಮ್ಮನ ಕಡೆ ತಿರುಗಿದರು.

"ದೀಪಾವಳಿಗೂ ಕಳಸ್ರೆಮ್ಮ."

ಓಣಿಯ ಮಂದಿ ನಕ್ಕರು. ಎಲ್ಲರಿಗಿಂತ ಜೋರಾಗಿ ಸಿದ್ದರಾಮಪ್ಪನವರು ನಕ್ಕರು.