ಸತ್ತ ಮೇಲಿನ ಮದುವೆ

ಅತ್ತೆಯ ಬೈಂಡಿಂಗ್ ಅಂಗಡಿಯಲ್ಲಿ ಗುಬ್ಬಿಯಷ್ಟು ನಾಜೂಕಾಗಿ ಪುಸ್ತಕ ಹೊಲಿಯುವವರು ಇನ್ನೊಬ್ಬರಿರಲಿಲ್ಲ, ಅವಳಷ್ಟು ಮೈಮರೆಯುವವರೂ ಇರಲಿಲ್ಲ. ಗುಬ್ಬಿ ಎಂಬುದು ಅತ್ತೆ ಇಟ್ಟ ಅಡ್ಡಹೆಸರು. ಅಜ್ಜಿಯ ಮಡಿಲಲ್ಲಿ ಕಥೆ ಕೇಳುತ್ತ ಬೆಳೆದವಳು. ದಾರಕ್ಕೆ ಮೇಣ ತಿಕ್ಕುವಷ್ಟರಲ್ಲಿ ಏಳು ಸಮುದ್ರ ದಾಟಿ ಬಂದಿರುತ್ತಿದ್ದಳು.

ಆ ಪುಸ್ತಕ ತಂದುಕೊಟ್ಟವರು ನಿವೃತ್ತ ಟೀಚರಮ್ಮ. ಹಳೆಯ ಹೆಸರಾಂತ ನಾಟಕಗಳನ್ನು ಮಕ್ಕಳಿಗೆಂದು ಫ್ರೆಂಚಿನಲ್ಲಿ ಕಥೆ ಮಾಡಿ ಹೇಳಿದ್ದು, ನೂರೈವತ್ತು ವರ್ಷದ್ದು. ಅವರಿಗೆ ತಿಳಿದಂತೆ ಇನ್ನೆರಡೇ ಪ್ರತಿ ಉಳಿದಿದ್ದವು. ಹೊಲಿಗೆ ಕೊಳೆತು, ಹದಿನಾರು ಹದಿನಾರು ಪುಟಗಳ ಫಾರಂಗಳು ಬಿಡಿಬಿಡಿಯಾಗಿದ್ದವು. ಪುಟಸಂಖ್ಯೆಯಿದ್ದ ಮೂಲೆಗಳನ್ನೆಲ್ಲ ಇಲಿ ಮೆದ್ದು ಹೋಗಿತ್ತು. ಅಂಥಾಗ ಬೈಂಡರುಗಳು ನೋಡುವುದು ಒಂದನ್ನೇ: ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಜೋಡಿಸುವ ಕ್ರಮ ಹೇಳುವ, ಇರುವೆಯಷ್ಟು ಪುಟ್ಟ ಅಂಕಿ ಇರುತ್ತದೆ.

ಫ್ರೆಂಚ್ ಬಾರದ ಗುಬ್ಬಿ ನೋಡಿದ್ದು ಚಿತ್ರಗಳನ್ನು. ಒಂದು ಫಾರಮ್ಮಿನಲ್ಲಿ ಹೂ ಮುಡಿದ ಮದುಮಗಳು. ಇನ್ನೊಂದರಲ್ಲಿ ಅದೇ ಹುಡುಗಿ ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ್ದಾಳೆ, ಸುತ್ತ ತಲೆ ತಗ್ಗಿಸಿ ನಿಂತ ಜನ. ಪಾಪ, ಯಾರದೋ ಶಾಪ ತಟ್ಟಿದೆ ಎಂದುಕೊಂಡಳು. ಅಜ್ಜಿಯ ಕಥೆಯಲ್ಲಿ ಮಲಗಿದ ರಾಜಕುಮಾರಿ ಏಳದೆ ಇದ್ದದ್ದುಂಟೇ? ಮಲಗಿದವಳನ್ನು ಮೊದಲಿಟ್ಟು, ಮದುವೆಯನ್ನು ಅದರ ಹಿಂದಿಟ್ಟು ಹೊಲಿದಳು.

"ಅಂಕಿ ನೋಡ್ದೆ ತಾನೆ?" ಎಂದು ಅತ್ತೆ ಕೇಳಿದಾಗ, "ಹೂಂ ಅತ್ತೆ, ನೋಡ್ದೆ" ಎಂದಿದ್ದಳು. ನೋಡಿದ್ದರೂ ಹೀಗೇ ಬರುತ್ತಿತ್ತು ಎಂಬ ಧೈರ್ಯ. ಅತ್ತೆ ಆ ಮಾತು ನಂಬಿ, ತಾನೇ ಕೂತು ಚರ್ಮದ ಬೆನ್ನು ಕಟ್ಟಿದಳು.

ಪುಸ್ತಕ ಒಯ್ಯಲು ಬಂದ ಟೀಚರಮ್ಮ ನಿಂತಲ್ಲೇ ಪುಟ ತಿರುವಿದರು. ಹಿಂದಕ್ಕೆ ಹೋದರು. ಮತ್ತೆ ಮುಂದಕ್ಕೆ ಬಂದರು.

"ಅಲ್ಲಮ್ಮಾ, ಇವಳು ಇಲ್ಲಿ ವಿಷ ಕುಡಿದು ಸತ್ತಳು. ಪುಟ ತಿರುವಿದ್ರೆ ಮದುವೆಗೆ ನಿಂತಿದ್ದಾಳೆ. ಹೆಣಕ್ಕೆ ಗಂಡು ಹುಡುಕಿದವರು ಯಾರು?"

ಅತ್ತೆ ಪುಸ್ತಕ ಈಸಿಕೊಂಡು ಪುಟದ ಅಡಿ ನೋಡಿದಳು. ಹತ್ತು, ಆಮೇಲೆ ಒಂಬತ್ತು. ಒಂದು ಕ್ಷಣ ಗುಬ್ಬಿಯತ್ತ ನೋಡಿದಳು.

"ತಪ್ಪು ನಂದೇ. ಕಣ್ಣಿಗೆ ಪೊರೆ ಬರ್ತಿದೆ, ಸಣ್ಣ ಅಂಕಿ ಕಾಣ್ಸೋದಿಲ್ಲ."

ಮಬ್ಬುಬೆಳಕಿನಲ್ಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಕಣ್ಣು ಅದು. ಗುಬ್ಬಿಗೆ ಗೊತ್ತಿತ್ತು. ಆದರೂ ಅವಳು ಮೇಣ ಎತ್ತಿಕೊಂಡು ದಾರಕ್ಕೆ ತಿಕ್ಕತೊಡಗಿದಳು.

"ಹಾಗಿದ್ರೆ ಇಂಥ ಕೆಲಸ ಇನ್ನು ಬಿಟ್ಟುಬಿಡಿ," ಎಂದರು ಟೀಚರಮ್ಮ, ಮೆತ್ತಗೇ. "ಲೈಬ್ರರಿಯವರ ಹಳೇ ಪುಸ್ತಕಗಳು ಬರೋದಿವೆ. ಈ ಹುಡುಗಿ ಕೈಗೇ ಕೊಡಿ ಅಂತ ಹೇಳ್ತೀನಿ. ಹೊಲಿಗೆ ನೋಡಿ, ಎಷ್ಟು ಅಂದ."

ನಲವತ್ತು ವರ್ಷ ಆ ಮೇಜಿನ ಮುಂದೆ ಕೂತ ಅತ್ತೆ, "ಆಗಲಿ" ಎಂದು ತಲೆಯಾಡಿಸಿದಳು. ಗುಬ್ಬಿಗೆ ಆ ಹೊಗಳಿಕೆ ಮೈಮೇಲೆ ಹುಳ ಹರಿದಂತಾಯಿತು.

"ಅತ್ತೆ ಕಣ್ಣು ಚೆನ್ನಾಗಿದೆ ಮೇಡಂ. ಜೋಡಿಸಿದ್ದು ನಾನು. ಅಂಕಿ ನೋಡ್ಲಿಲ್ಲ. ನೋಡ್ದೆ ಅಂತ ಸುಳ್ಳು ಹೇಳ್ದೆ."

"ಮತ್ತೆ ಏನು ನೋಡಿ ಜೋಡಿಸ್ದೆ?"

"ಚಿತ್ರ." ಗುಬ್ಬಿ ಮಲಗಿದವಳತ್ತ ಬೆರಳು ತೋರಿದಳು. "ಅವಳು ಎದ್ದೇಳ್ತಾಳೆ ಅಂದ್ಕೊಂಡೆ."

ಟೀಚರಮ್ಮ ನಕ್ಕಿದ್ದರೂ ಸರಿಯಿತ್ತು, ಬೈದಿದ್ದರೂ ಸರಿಯಿತ್ತು. ಅವರು ಅತ್ತೆಯ ಮುಖ ನೋಡಿದರು. ಅತ್ತೆ ಎಂದೂ ಹಾಗೆ ತಲೆ ತಗ್ಗಿಸಿದ್ದನ್ನು ಗುಬ್ಬಿ ಕಂಡಿರಲಿಲ್ಲ.

"ನಿನ್ನ ಮಾನ ಮುಚ್ಚೋಕೆ ಒಂದು ಸುಳ್ಳು ಹೇಳಿದ್ರೆ, ಅದನ್ನೂ ಬೀದಿಗೆಳೆದ್ಯಲ್ಲೇ," ಎಂದಳು ಅತ್ತೆ. "ಈಗ ಅಂಗಡಿ ತುಂಬ ಸುಳ್ಳುಗಾರ್ತಿಯರೇ."

"ಲೈಬ್ರರಿಯವರಿಗೆ ನಾನೇನು ಹೇಳ್ಲಿ?" ಟೀಚರಮ್ಮ ಕೇಳಿದರು. ಅವರು ಸ್ಟೂಲು ಎಳೆದುಕೊಂಡು ಕೂತರು. "ಬಿಚ್ಚು. ಅಂಕಿ ಗಟ್ಟಿಯಾಗಿ ಓದ್ತಾ ಜೋಡಿಸು. ನಾನು ಕೇಳ್ತೀನಿ. ಲೈಬ್ರರಿ ಮಾತು ಆಮೇಲೆ."

ಅತ್ತೆ ಚಾಕು ಕೊಟ್ಟಳು. ಅವಳು ಎರಡು ದಿನ ಕೂತು ಕಟ್ಟಿದ ಚರ್ಮದ ಬೆನ್ನನ್ನು ಗುಬ್ಬಿಯೇ ಸೀಳಬೇಕಾಯಿತು. ಆಮೇಲೆ ತನ್ನ ಅಂದದ ಹೊಲಿಗೆಯನ್ನೂ. ಇಪ್ಪತ್ತೆರಡು ವರ್ಷದವಳು, ಒಂದನೇ ಕ್ಲಾಸಿನ ಮಗುವಿನ ಹಾಗೆ ಮೊದಲ ಫಾರಮ್ಮಿನ ಅಡಿಯಲ್ಲಿ ಬೆರಳಿಟ್ಟಳು.

"ಒಂದು."

"ಕೇಳಿಸ್ಲಿಲ್ಲ," ಎಂದಳು ಅತ್ತೆ.